ಕಿಂದರಿಯ ಮಾಯೆಯೂ ಚಿತ್ರದ ಕಣ್ಕಟ್ಟೂ

ಮಕ್ಕಳ ಕೂಟದಲ್ಲಿ ನಡೆಯುವ ಮಾಯೆಯನ್ನು ವಸ್ತುವಾಗಿ ಮಾಡಿಕೊಂಡು, ಹಾಸ್ಯದಿಂದಲೂ ಪ್ರಾಸದಿಂದಲೂ ಹೆಣೆದು, ಪುಟಪುಟಕ್ಕೂ ಚಿತ್ರವನ್ನು ಕೂಡಿಸಿದ ಪುಸ್ತಕವೆಂಬುದು ನಮ್ಮ ಪ್ರಾಚೀನ ಲಾಕ್ಷಣಿಕರು ಕಂಡರಿಯದ ಪ್ರಕಾರ. ಆದಕಾರಣವೇ ಅದನ್ನು ಅಳೆಯತಕ್ಕ ಕೋಲು ನಮ್ಮಲ್ಲಿ ಇನ್ನೂ ಸಿದ್ಧವಾಗಿಲ್ಲ. ಚಿತ್ರ ಅಂದವಾಗಿದೆ, ಪ್ರಾಸ ಹಿತವಾಗಿದೆ, ಮಕ್ಕಳು ನಕ್ಕರು ಎಂಬ ಮೂರು ಮಾತುಗಳಲ್ಲಿ ವಿಮರ್ಶೆ ಮುಗಿದುಹೋಗುತ್ತದೆ. ಚಿತ್ರವೂ ಪ್ರಾಸವೂ ಒಂದಕ್ಕೊಂದು ನೆರವಾಗುವುವೋ ಅಡ್ಡಬರುವುವೋ ಎಂಬ ಪ್ರಶ್ನೆಯನ್ನು ಕೇಳುವವರು ವಿರಳ. ಕನ್ನಡದಲ್ಲಿ ಈ ಪ್ರಶ್ನೆಯನ್ನು ಕೇಳುವುದಕ್ಕೆ ಕುವೆಂಪುರವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಗಿಂತ ತಕ್ಕ ಕೃತಿ ನಮಗೆ ತೋರುವುದಿಲ್ಲ.

ಈ ಪದ್ಯದ ಮೂಲವು ಆಂಗ್ಲಕವಿ ರಾಬರ್ಟ್ ಬ್ರೌನಿಂಗನ ಹ್ಯಾಮೆಲಿನ್ ಪಟ್ಟಣದ ಕೊಳಲುಗಾರನ ಕಥೆಯೆಂಬುದನ್ನು ವಾಚಕರು ಬಲ್ಲರು. ಆ ಪದ್ಯದ ಹುಟ್ಟನ್ನು ಮಾತ್ರ ನಮ್ಮವರು ಅಷ್ಟಾಗಿ ಗಮನಿಸಿದಂತಿಲ್ಲ. 1842ರಲ್ಲಿ ಪ್ರಸಿದ್ಧ ನಟನಾದ ಮ್ಯಾಕ್ರೆಡಿಯ ಮಗನು ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದನು. ಚಿತ್ರ ಬರೆಯುವುದರಲ್ಲಿ ಆಸಕ್ತನಾದ ಆ ಬಾಲಕನಿಗೆ ಬರೆಯಲು ಒಂದು ವಸ್ತು ದೊರೆಯಲೆಂದು ಬ್ರೌನಿಂಗನು ಈ ಪದ್ಯವನ್ನು ರಚಿಸಿ, ಅವನಿಗೇ ಅರ್ಪಿಸಿದನು. ಎಂದರೆ ಇದು ಹುಟ್ಟಿನಿಂದಲೇ ಚಿತ್ರವನ್ನು ಬೇಡಿದ ಪದ್ಯ. ಆದರೆ ಚಿತ್ರವು ಪದ್ಯದಲ್ಲಿ ಆಗಲೇ ಇರಲಿಲ್ಲ. ಅದನ್ನು ತುಂಬುವ ಕೆಲಸ ಕೇಳಿದ ಮಗುವಿನದಾಗಿತ್ತು. ಇಂದಿನ ಸಚಿತ್ರ ಪುಸ್ತಕದಲ್ಲಿ ಈ ಕ್ರಮವು ತಲೆಕೆಳಗಾಗಿದೆ.

ಪದ್ಯದೊಳಗಿನ ಮಾಯೆಯನ್ನು ಕವಿಯು ಹೇಗೆ ತೋರಿಸಿದ್ದಾನೆಂಬುದನ್ನು ಪರೀಕ್ಷಿಸೋಣ. ಕೊಳಲಿನ ನಾದವು ಹೀಗಿತ್ತೆಂದು ಅವನು ಬಣ್ಣಿಸಹೊರಡುವುದಿಲ್ಲ. ಹೊಳೆಯನ್ನು ಈಜಿ ಬದುಕಿಕೊಂಡ ಒಂದೇ ಒಂದು ಇಲಿ ತನ್ನ ಕಿವಿಗೆ ಬಿದ್ದುದನ್ನು ವರದಿ ಮಾಡುತ್ತದೆ. ಅದಕ್ಕೆ ಕೇಳಿಸಿದ್ದು ತಿಂಡಿಯ ಸದ್ದು, ಪೀಪಾಯಿಯ ಮುಚ್ಚಳ ಸರಿದ ಸದ್ದು, ಹಣ್ಣು ಹಿಂಡುವ ಸದ್ದು. ಬೆಟ್ಟದ ಬಾಗಿಲು ಮುಚ್ಚಿಕೊಂಡ ಬಳಿಕ ಹೊರಗೆ ಉಳಿದ ಕುಂಟಹುಡುಗನೂ ತನಗೆ ಕೇಳಿಸಿದ್ದನ್ನು ಹೇಳುತ್ತಾನೆ. ಅವನಿಗೆ ಕೇಳಿಸಿದ್ದು ಕಾಲು ಕುಂಟದ ಒಂದು ನಾಡು. ಒಂದೇ ವಾದ್ಯ, ಇಲಿಗೆ ಉಗ್ರಾಣ, ಹುಡುಗನಿಗೆ ಸ್ವರ್ಗ. ಮಾಯೆಯೆಂಬುದು ಕೊಳಲಿನಲ್ಲಿಲ್ಲ, ಕೇಳುವವನ ಆಸೆಯಲ್ಲಿದೆ. ಅದನ್ನು ಬಾಯಿಬಿಟ್ಟು ಹೇಳುವ ಹಕ್ಕು ಒಳಗೆ ಹೋಗಲಾರದೆ ಹಿಂದುಳಿದವನಿಗೆ ಮಾತ್ರ ಸಂದಿದೆ. ಈ ಪದ್ಯದ ಹಾಸ್ಯದ ಅಡಿಯಲ್ಲಿರುವ ಮರುಕವೆಲ್ಲವೂ ಈ ಒಂದು ಏರ್ಪಾಡಿನಿಂದ ಬಂದುದು.

ಇನ್ನು 1888ರಲ್ಲಿ ಕೇಟ್ ಗ್ರೀನವೇ ಎಂಬಾಕೆ ಇದೇ ಪದ್ಯಕ್ಕೆ ಬರೆದ ಚಿತ್ರಗಳನ್ನು ನೋಡಿರಿ. ಬಣ್ಣಗಳ ಸೌಮ್ಯತೆಯಲ್ಲಿ ಅವಕ್ಕೆ ಎಣೆಯಿಲ್ಲವೆಂದು ನಾವು ಒಪ್ಪುತ್ತೇವೆ. ಆದರೆ ಆಕೆ ಕೊಳಲುಗಾರನನ್ನು ಹೂಬಿಟ್ಟ ತೋಪಿನಲ್ಲಿ ಕುಳ್ಳಿರಿಸಿ, ಮಕ್ಕಳು ಕೈಕೈ ಹಿಡಿದು ಕುಣಿಯುವ ಕೂಟವನ್ನು ಕಣ್ಣೆದುರಿಗೇ ಇಟ್ಟುಬಿಟ್ಟಿದ್ದಾಳೆ. ಕುಂಟಹುಡುಗನು ಕಾಣದೆ ಕೊರಗಿದ್ದನ್ನು ನಾವು ಪುಸ್ತಕ ತೆರೆದೊಡನೆ ಕಾಣುತ್ತೇವೆ! ಹಾಗೆ ಕಂಡ ಮೇಲೆ ಅವನ ಮಾತಿಗೆ ಉಳಿಯುವ ಬೆಲೆಯೇನು? ಚಿತ್ರವು ಅಂದವಾಗಿದ್ದಷ್ಟೂ ಪದ್ಯಕ್ಕೆ ನಷ್ಟವೆಂಬ ವಿಚಿತ್ರಸ್ಥಿತಿ ಇಲ್ಲಿ ಒದಗಿದೆ.

ಕುವೆಂಪುರವರು ಕಥೆಯನ್ನು ತುಂಗಾತೀರಕ್ಕೆ ತಂದರು. (ಬೆಂಗಳೂರಿನ ಮಕ್ಕಳು ಇದನ್ನು ಹೊಸೂರು ರಸ್ತೆಯ ಬೊಮ್ಮನಹಳ್ಳಿಯೆಂದೇ ಭಾವಿಸುವುದುಂಟು, ಭಾವಿಸಿದರೆ ಕವಿಗೆ ನಷ್ಟವೇನೂ ಇಲ್ಲ.) ಹ್ಯಾಮೆಲಿನ್ನಿನ ನಗರಾಧ್ಯಕ್ಷನೂ ಅವನ ಸಭಾಸದರೂ ಹೋಗಿ ಊರಗೌಡನು ಬಂದನು. ಇದರಿಂದ ಪೌರಸಭೆಯ ಮೇಲಿನ ಪರಿಹಾಸವು ಕೊಂಚ ತೆಳುವಾಯಿತೆನ್ನಬೇಕು. ಪೇಟೆಗೊಂದು, ದಂಡಿಗೊಂದು ಎಂದು ಎರಡು ಪೌರಾಡಳಿತಗಳನ್ನು 1949ರವರೆಗೆ ಸಾಕಿಕೊಂಡಿದ್ದ ಬೆಂಗಳೂರಿನಲ್ಲಿ ಆ ಪರಿಹಾಸಕ್ಕೆ ಎಡೆ ಬೇಕಾದಷ್ಟಿತ್ತು. ಆದರೆ ಮಿಕ್ಕೆಲ್ಲ ಬದಲಾವಣೆಗಳೂ ಲಾಭಕರವೇ. ಕೊಳಲಿಗೆ ಬದಲಾಗಿ ಕಿಂದರಿಯನ್ನು ತಂದುದಂತೂ ಕೇವಲ ವೇಷಾಂತರವಲ್ಲ. ಕೊಳಲೂದುವವನ ಬಾಯಿ ಕಟ್ಟಿರುತ್ತದೆ. ಸೋರೆಬುರುಡೆಗಳನ್ನು ಬಿಗಿದ ಕಿಂದರಿಯಾದರೋ ತಂತಿವಾದ್ಯ. ಅದನ್ನು ಮಿಡಿಯುತ್ತ ಜೋಗಿಯು ಹಾಡಲೂಬಲ್ಲನು, ಕಥೆ ಹೇಳಲೂಬಲ್ಲನು. ಮನೆಬಾಗಿಲಿಗೆ ಬಂದು ಕಿನ್ನರಿ ನುಡಿಸಿ ಕಥೆ ಹಾಡುವ ಜೋಗಿಗಳನ್ನು ನಮ್ಮ ಜನ ತಲೆತಲಾಂತರದಿಂದ ಬಲ್ಲರು. ಹೀಗೆ ಮಾಯಾವಿಯೂ ಕಥೆಗಾರನೂ ಒಬ್ಬನೇ ಆದನು.

ಛಂದಸ್ಸಿನ ವಿಷಯವೂ ವಿಚಾರಾರ್ಹವಾದುದು. ಈ ಪದ್ಯದ ನಡೆಯು ಬಹುಮಟ್ಟಿಗೆ ನಾಲ್ಕು ನಾಲ್ಕು ಮಾತ್ರೆಗಳ ಗಣಗಳದು; ಸಾಲಿಗೆ ನಾಲ್ಕು ಗಣಗಳು ತುಂಬಿದಲ್ಲಿ ಅದು ಮಂದಾನಿಲ ರಗಳೆಯ ಅಳತೆಗೇ ಬಂದು ನಿಲ್ಲುತ್ತದೆ. ಹರಿಹರನ ಕೈಯಲ್ಲಿ ಶರಣರ ಕಥೆಗಳನ್ನು ಹೊತ್ತು ನಡೆದ ಹೆಜ್ಜೆಯೇ ಇಲ್ಲಿ ಇಲಿಗಳನ್ನು ಕರೆದುಕೊಂಡು ಹೋಗುತ್ತಿದೆ. 1911ರಲ್ಲಿ ಗೋವಿಂದ ಪೈಯವರು ಆದಿಪ್ರಾಸದ ಕಟ್ಟನ್ನು ಕಳಚಿದ ಮೇಲೆ ಹೊಸಗನ್ನಡ ಪದ್ಯವು ಅಂತ್ಯಪ್ರಾಸವನ್ನು ಆಶ್ರಯಿಸಿತೆಂಬುದು ಸರಿ; ಆದರೆ ಅಂತ್ಯಪ್ರಾಸವನ್ನು ನಾವು ಆಂಗ್ಲರಿಂದಲೇ ಕಲಿತೆವೆಂಬ ಮಾತನ್ನು ರಗಳೆಯನ್ನು ಓದಿದವರು ಒಪ್ಪಲಾರರು. ಇಲಿಗಳು ಬರುವ ಭಾಗದಲ್ಲಿ ಕವಿಯು ಹೆಸರುಗಳನ್ನು ಸಾಲುಸಾಲಾಗಿ ಪೇರಿಸುತ್ತಾರೆ. ಪ್ರಾಸವು ಮುಂದಿನ ಇಲಿಯನ್ನು ಎಳೆದು ತರುತ್ತದೆ. ಅದು ಬಂದೊಡನೆ ಇನ್ನೊಂದಕ್ಕೆ ಕರೆ ಹೋಗುತ್ತದೆ. ಜೋಗಿಯ ಕಿಂದರಿ ಇಲಿಗೆ ಏನನ್ನು ಮಾಡುವುದೋ ಕವಿಯ ಪ್ರಾಸವು ಕೇಳುವ ಮಗುವಿಗೆ ಅದನ್ನೇ ಮಾಡುತ್ತದೆ. ನಗೆಯೂ ಇಲ್ಲಿಂದಲೇ ಹುಟ್ಟುವುದು. ಈ ಭಾಗಕ್ಕೆ ನೂರು ಇಲಿಗಳ ಚಿತ್ರವನ್ನು ಒಂದೇ ಪುಟದಲ್ಲಿ ಬರೆದಿಟ್ಟರೆ, ಒಂದಾದ ಮೇಲೊಂದಾಗಿ ಬರುವ ಬೆರಗು ಒಟ್ಟಿಗೇ ಖರ್ಚಾಗಿಹೋಗುತ್ತದೆ.

ಮಾಯೆಯ ಆಟಕ್ಕೆ ನಮ್ಮ ನುಡಿಯಲ್ಲಿ ಕಣ್ಕಟ್ಟೆಂದು ಹೆಸರು. ಹೆಸರು ಕಣ್ಣಿನದಾದರೂ ಕಟ್ಟು ಬೀಳುವುದು ಕಿವಿಗೆ. ಬೀದಿಯ ಗಾರುಡಿಗನು ಡೋಲು ಬಡಿದು, ಮಾತಿನ ಮಳೆಗರೆದು, ಮಕ್ಕಳ ಕಿವಿಯನ್ನು ಆ ಕಡೆ ಹಿಡಿದು, ಕೈಯ ಕೆಲಸವನ್ನು ಈ ಕಡೆ ಮುಗಿಸುತ್ತಾನೆ. ಇಂದಿರಾನಗರದ ಮನೆಗಳಲ್ಲಿ ಹುಟ್ಟುಹಬ್ಬದ ಕೂಟಕ್ಕೆ ಬರುವ ಜಾದೂಗಾರನ ಬಂಡವಾಳವೂ ಇದೇ. ಅವನ ಬಾಯಿ ಕಟ್ಟಿದರೆ ಟೋಪಿಯಿಂದ ಮೊಲ ಬಂದರೂ ಕೂಟಕ್ಕೆ ಕಳೆಯೇರದು.

ಬೆಂಗಳೂರಿನ ದಂಡು ಮತ್ತು ಅದರ ಪೂರ್ವಭಾಗದ ಶಾಲೆಗಳಲ್ಲಿ ಪಾಠ ಹೇಳುವವರಿಗೆ ಈ ವಿಚಾರವು ನಿತ್ಯಾನುಭವಕ್ಕೆ ಸೇರಿದ್ದು. ಶಿವಾಜಿನಗರದಲ್ಲಿ ಮನೆಮಾತು ಉರ್ದು, ಹಲಸೂರಿನಲ್ಲಿ ತಮಿಳು, ಕೃಷ್ಣರಾಜಪುರದ ಕಡೆಗೆ ಹೋದರೆ ತೆಲುಗು ಆಗಿರುವ ಎಷ್ಟೋ ಮಕ್ಕಳು ಕನ್ನಡವನ್ನು ಮೊದಲು ಅರ್ಥದಿಂದಲ್ಲ, ಸದ್ದಿನಿಂದ ಹಿಡಿಯುತ್ತಾರೆ. ಚಿತ್ರವು ಅರ್ಥವನ್ನೆಲ್ಲ ಮುಂಚೆಯೇ ಒಪ್ಪಿಸಿಬಿಟ್ಟರೆ ಅಂಥ ಮಗುವಿನ ಕಿವಿಗೆ ಕೆಲಸವಿಲ್ಲದಂತಾಗುತ್ತದೆ. ಅದು ಚಿತ್ರವನ್ನು ತನ್ನ ಮನೆಮಾತಿನಲ್ಲಿ ಓದಿಕೊಂಡು ಪುಸ್ತಕವನ್ನು ಮುಚ್ಚುತ್ತದೆ. ಪ್ರಾಸವಾದರೋ ಅರ್ಥವಾಗುವ ಮೊದಲೇ ನಾಲಗೆಗೆ ಹತ್ತುತ್ತದೆ.

2004ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆಯು ಸುಲಭಬೆಲೆಯ ಸಚಿತ್ರ ಪುಸ್ತಕಗಳನ್ನು ಹಲವು ಭಾಷೆಗಳಲ್ಲಿ ತಂದು, 2015ರಿಂದ ‘ಸ್ಟೋರಿವೀವರ್’ ಎಂಬ ಮುಕ್ತ ಭಂಡಾರವನ್ನೂ ತೆರೆದಿರುವುದು ಶ್ಲಾಘ್ಯವಾದ ಕೆಲಸ. ಒಂದೇ ಚಿತ್ರಕ್ಕೆ ಹತ್ತು ಭಾಷೆಗಳ ಮಾತನ್ನು ಹೊಂದಿಸುವ ಈ ವಿಧಾನವು ಗದ್ಯದ ಕಥೆಗೆ ಸಲ್ಲುತ್ತದೆ. ಪ್ರಾಸದ ಕಥೆಗೆ ಸಲ್ಲುವುದು ಕಷ್ಟ. ಇಂಗ್ಲೆಂಡಿನ ಜೂಲಿಯಾ ಡೊನಾಲ್ಡ್‌ಸನ್ 1999ರ ‘ಗ್ರಫಲೋ’ ಎಂಬ ಪುಸ್ತಕಕ್ಕೆ ಆಧಾರವಾಗಿ ತೆಗೆದುಕೊಂಡುದು ಹುಲಿಯ ಹೆಸರಿನಿಂದ ಬದುಕಿದ ನರಿಯ ಚೀನೀ ಕಥೆಯನ್ನು. ಹುಲಿಯ ಆಂಗ್ಲಪದಕ್ಕೆ ಪ್ರಾಸ ಒದಗದೆ, ಬೇರೊಂದು ಪದಕ್ಕೆ ಪ್ರಾಸವಾಗುವಂತೆ ಆಕೆ ಹೆಸರೊಂದನ್ನು ಹೊಸದಾಗಿ ಕಟ್ಟಿದಳು. ಆ ಹೆಸರಿನಿಂದ ಭಯಂಕರ ಪ್ರಾಣಿಯೊಂದು ಹುಟ್ಟಿತು. ಪ್ರಾಸ ಮುಂಚೆ, ಪ್ರಾಣಿ ಆಮೇಲೆ. ಅಂಥದನ್ನು ಕನ್ನಡಿಸುವವನಿಗೆ ಪ್ರಾಣಿಯ ಚಿತ್ರ ಕೈಯಲ್ಲಿರುತ್ತದೆ, ಅದನ್ನು ಹೆತ್ತ ಪ್ರಾಸ ಇರುವುದಿಲ್ಲ. ಕುವೆಂಪುರವರ ಕೈಯನ್ನು ಯಾವ ಚಿತ್ರವೂ ಕಟ್ಟಿರಲಿಲ್ಲ. ಆದುದರಿಂದಲೇ ಕೊಳಲು ಕಿಂದರಿಯಾಗಬಲ್ಲದ್ದಾಯಿತು. ಗ್ರೀನವೇಯ ಚಿತ್ರಗಳ ಕೆಳಗೆ ಬರೆಯತಕ್ಕದ್ದೆಂಬ ನಿರ್ಬಂಧವಿದ್ದಿದ್ದರೆ ಬೊಮ್ಮನಹಳ್ಳಿ ಹುಟ್ಟುತ್ತಿರಲಿಲ್ಲ. ಆದುದರಿಂದ ಪ್ರಾಸದ ಪುಸ್ತಕಗಳ ಮಟ್ಟಿಗಾದರೂ ಪದ್ಯವು ಮೊದಲು ಕನ್ನಡದಲ್ಲಿ ಹುಟ್ಟಿ, ಚಿತ್ರವು ಅದನ್ನು ಕೇಳಿಸಿಕೊಂಡು ಬರತಕ್ಕದ್ದೆಂದು ಪ್ರಕಾಶಕರನ್ನು ಒತ್ತಾಯಪಡಿಸಬೇಕಾಗಿದೆ.

ಕಿಂದರಿಜೋಗಿಗೆ ಚಿತ್ರ ಬರೆಯುವವನು ಏನನ್ನು ಬರೆಯಬೇಕೆಂದು ಯಾರಾದರೂ ಕೇಳಿದರೆ ನಮ್ಮ ಉತ್ತರವಿದು: ಜೋಗಿಯ ಬೆನ್ನನ್ನು ಬರೆಯಲಿ, ಕೇಳುವವರ ಮುಖಗಳನ್ನು ಬರೆಯಲಿ, ಇಲಿಯದಾದರೂ ಸರಿ, ಮಗುವಿನದಾದರೂ ಸರಿ. ಬೆಟ್ಟದ ಒಳಗನ್ನು ಬರೆಯುವುದು ಬೇಡ. ಕೊನೆಯ ಪುಟಕ್ಕೆ ಗೌಡನ ಮನೆಯ ಬೀದಿ ಸಾಕು. ಆ ಬೀದಿಯಲ್ಲಿ ಬುಗುರಿಯೊಂದು ಬಿದ್ದಿರಲಿ, ಮನೆಗಳ ಬಾಗಿಲುಗಳು ತೆರೆದೇ ಇರಲಿ.