ತಟ್ಟೆಗೆ ಬಂದ ನಿಯಮ ಪಾರ್ಸೆಲ್‌ಗೆ ಬರಲಿಲ್ಲ

2025ರ ಫೆಬ್ರವರಿಯಲ್ಲಿ ಕರ್ನಾಟಕದ ಆಹಾರ ಸುರಕ್ಷತಾ ಅಧಿಕಾರಿಗಳು 250ಕ್ಕೂ ಹೆಚ್ಚು ಕಡೆ ತಪಾಸಣೆ ಮಾಡಿದರು. 50ಕ್ಕೂ ಹೆಚ್ಚು ಕಡೆ ಇಡ್ಲಿ ತಟ್ಟೆಗೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸಿ ಬೇಯಿಸುತ್ತಿದ್ದರು. ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅದಕ್ಕೆ ನಿಷೇಧ ಸಾರಿದ್ದು ಸರಿಯಾಗಿಯೇ ಇತ್ತು. ಆದರೆ ಬಟ್ಟೆಯ ಮೇಲೆ ಬೆಂದ ಇಡ್ಲಿ ಆಮೇಲೆ ಹೋಗುವುದು ಎಲ್ಲಿಗೆ?

ಬೆಳಗಿನ ಹೊತ್ತು ಕೋಲಾರ ಚಿನ್ನದ ಗಣಿ ಊರಾದ ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯ ಟಿಫನ್ ಅಂಗಡಿಗಳ ಮುಂದೆ ನಿಂತು ನೋಡಿ. ಕುದಿಯುವ ಸಾಂಬಾರನ್ನು ಸೌಟಿನಲ್ಲಿ ಎತ್ತಿ ತೆಳ್ಳನೆಯ ಪ್ಲಾಸ್ಟಿಕ್ ಕವರಿಗೆ ಸುರಿಯುತ್ತಾರೆ, ಬಾಯಿ ತಿರುವಿ ದಾರ ಸುತ್ತುತ್ತಾರೆ. ಕವರು ಆಗಲೇ ಮೆತ್ತಗಾಗಿರುತ್ತದೆ. ಇಡ್ಲಿ ಕಟ್ಟುವ ಕಾಗದದ ಮೇಲೆ ಬಾಳೆ ಎಲೆಯ ಚಿತ್ರವಿದ್ದರೂ ಅದರ ಮೈಗೆ ಪ್ಲಾಸ್ಟಿಕ್ ಪೊರೆ. ಬಿಸಿ, ಹುಣಸೆಯ ಹುಳಿ, ಒಗ್ಗರಣೆಯ ಎಣ್ಣೆ: ಪ್ಲಾಸ್ಟಿಕ್‌ನೊಳಗಿನ ರಾಸಾಯನಿಕವನ್ನು ಹೊರಗೆಳೆಯುವ ಮೂರೂ ಸಾಂಬಾರಿನಲ್ಲಿವೆ. ಕಾಗದದ ಲೋಟದ ಒಳಪೊರೆಯೂ ಹೀಗೇ. ಅದರಲ್ಲಿ 100 ಮಿ.ಲೀ. ಬಿಸಿನೀರು 15 ನಿಮಿಷ ಇದ್ದರೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣ ಬೆರೆಯುತ್ತವೆ ಎಂದು ಐಐಟಿ ಖರಗ್‌ಪುರದ ಅಧ್ಯಯನ ತೋರಿಸಿದೆ.

ಒಂದು ಪಾರ್ಸೆಲ್ ತಿಂದರೆ ಕ್ಯಾನ್ಸರ್ ಬರುತ್ತದೆಂದು ಹೆದರಿಸುವುದು ತಪ್ಪು. ಚಿಂತೆಯಿರುವುದು ದಿನವೂ ತಿನ್ನುವವರ ಬಗ್ಗೆ. ನಂದಿದುರ್ಗ, ಚಾಂಪಿಯನ್ ರೀಫ್, ಮೈಸೂರು ಗಣಿಗಳ ಕೆಲಸ 2001ರಲ್ಲಿ ನಿಂತ ಮೇಲೆ ಕೆಜಿಎಫ್‌ನ ಸಾವಿರಾರು ಜನ ಮಾರಿಕುಪ್ಪಂನಿಂದ ಬಂಗಾರಪೇಟೆಯ ಮೇಲೆ ರೈಲಿನಲ್ಲಿ ಬೆಂಗಳೂರಿನ ಕೆಲಸಕ್ಕೆ ಓಡಾಡುತ್ತಾರೆ. ಹೊತ್ತಿಗೆ ಮುಂಚೆ ಕಟ್ಟಿಸಿಕೊಂಡ ತಿಂಡಿ ಗಂಟೆಗಟ್ಟಲೆ ಕವರಿನಲ್ಲೇ ಇರುತ್ತದೆ. ಇಂದು, ನಾಳೆ, ವರ್ಷವಿಡೀ. ಗಣಿ ತ್ಯಾಜ್ಯದ ಸೈನೈಡ್ ಗುಡ್ಡದ ಧೂಳು ಸಹಿಸಿ ಬದುಕಿದ ಮನೆಗಳಿಗೆ ಇನ್ನೊಂದು ರಾಸಾಯನಿಕದ ಹೊರೆ ಬೇಕಿಲ್ಲ.

ಕವರಿಗೆ ಹೋಗುವುದೆಲ್ಲ ಒಂದೇ ಅಲ್ಲ. ಅದೇ ರೈಲು ದಾರಿಯ ಬಂಗಾರಪೇಟೆಯ ಪಾನಿಪೂರಿಯ ಪಾನಿಗೆ ಬಣ್ಣವೇ ಇಲ್ಲ, ನೀರಿನಷ್ಟು ತಿಳಿ. 2024ರಲ್ಲಿ ಪಾನಿಯ ಕೃತಕ ಬಣ್ಣ ರಾಜ್ಯದಲ್ಲೆಲ್ಲ ಸುದ್ದಿಯಾದಾಗ ಈ ಊರು ಹೆಮ್ಮೆಪಡಬಹುದಿತ್ತು. ತಣ್ಣನೆಯ ಪಾನಿ ಕವರಿನಲ್ಲಿ ಹೋದರೆ ನನಗೆ ಅಷ್ಟು ಆತಂಕವಿಲ್ಲ. ಬಿಸಿ ಮಸಾಲೆಯನ್ನು ಥರ್ಮಕೋಲ್ ತಟ್ಟೆಗೆ ಹಾಕಿದರೆ ಇದೆ. ಅದರ ಮೂಲವಸ್ತು ಸ್ಟೈರೀನ್ ಕ್ಯಾನ್ಸರ್‌ಕಾರಕ ಆಗಿರುವ ಸಂಭವ ಹೆಚ್ಚು ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2018ರಲ್ಲೇ ವರ್ಗೀಕರಿಸಿತು. ಆ ತಟ್ಟೆಯನ್ನು ನಮ್ಮ ರಾಜ್ಯ ಸರ್ಕಾರ ನಿಷೇಧಿಸಿದ್ದು ಅದಕ್ಕೂ ಮೊದಲು, 2016ರಲ್ಲಿ.

ನಿಷೇಧಗಳಿಗೆ ಕೊರತೆಯಿಲ್ಲ. ಎಣ್ಣೆ ಬೋಂಡ ಕಟ್ಟುವ ಹಳೆ ಪೇಪರಿಗೂ ನಿಷೇಧವಿದೆ. ದಂಡ ಹಾಕಿದ ದಿನ ಕವರು ಗಲ್ಲಾಪೆಟ್ಟಿಗೆಯ ಕೆಳಗೆ ಅಡಗುತ್ತದೆ, ಮರುದಿನ ಮೇಲೆ ಬರುತ್ತದೆ. ಮುತ್ತುಗದ ಎಲೆಗಿಂತ ಕವರು ಅಗ್ಗವಾಗಿರುವವರೆಗೆ ಸಣ್ಣ ಅಂಗಡಿಯವರನ್ನು ಮಾತ್ರ ಬೈದು ಪ್ರಯೋಜನವಿಲ್ಲ. ತಪಾಸಣೆ ಇಡ್ಲಿ ಪಾತ್ರೆಯ ಹತ್ತಿರ ಮುಗಿಯದೆ ಪಾರ್ಸೆಲ್ ಕಟ್ಟುವ ಮೇಜಿಗೂ ಬರಬೇಕು. ಮನೆಯಿಂದ ಸ್ಟೀಲ್ ಡಬ್ಬಿ ತಂದವರಿಗೆ ಎರಡು ರೂಪಾಯಿ ಕಡಿಮೆ ಮಾಡುವ ಪದ್ಧತಿಯನ್ನು ರೈಲು ನಿಲ್ದಾಣದ ಸುತ್ತಲಿನ ಅಂಗಡಿಗಳಿಂದಲೇ ಶುರು ಮಾಡಬಹುದು.