ಕಾಗದಕ್ಕೆ ಇಳಿಸಿದ ಕೀಲಿ

ಹಾಸನ ಜಿಲ್ಲೆಯ ಕಲ್ಲುಬರಹಗಳು ಪುಸ್ತಕವಾಗಿ ಅಚ್ಚಾದದ್ದು 1902ರಲ್ಲಿ. ಬಿ.ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಐದನೆಯ ಸಂಪುಟ ಅದು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಮೊದಲಾದ ತಾಲ್ಲೂಕುಗಳಲ್ಲಿ ಗುಡಿಯ ಗೋಡೆ, ಕೆರೆಯ ಏರಿ, ಹೊಲದ ಬದುಗಳಲ್ಲಿ ನಿಂತಿದ್ದ ಶಾಸನಗಳನ್ನು ಹುಡುಕಿ, ಓದಿ, ಕಾಗದಕ್ಕೆ ಇಳಿಸಿದರು. ನೂರಿಪ್ಪತ್ತು ವರ್ಷ ದಾಟಿದ ಮೇಲೂ ಆ ಸಂಪುಟವನ್ನು ತೆರೆದವನಿಗೆ ಅದು ಓದಲು ಬರುತ್ತದೆ. ಯಂತ್ರ ಬೇಡ, ಯಾವ ಕಂಪನಿಯ ಅಪ್ಪಣೆಯೂ ಬೇಡ. ಇವತ್ತು ಗೂಢಲಿಪಿಯ ಕೀಲಿಗಳನ್ನು, ಕಳೆದುಹೋದ ಖಾತೆಯನ್ನು ಮರಳಿ ತೆರೆಯುವ ಸಂಕೇತಗಳನ್ನು, ಕೆಲವೊಮ್ಮೆ ಇಡೀ ಫೈಲುಗಳನ್ನೇ ಕಾಗದದ ಮೇಲೆ ಮುದ್ರಿಸಿಡುವ ಪದ್ಧತಿಯೊಂದು ಕಂಪ್ಯೂಟರ್ ಬಲ್ಲವರ ನಡುವೆ ಬೆಳೆದಿದೆ. ಅದನ್ನು ಹಳೆಯ ಕಾಲದ ಅಂಜಿಕೆ ಎಂದು ತಳ್ಳಿಹಾಕುವವರಿದ್ದಾರೆ; ಕಾಗದವೊಂದೇ ಶಾಶ್ವತ ಎಂದು ಕೊಂಡಾಡುವವರೂ ಇದ್ದಾರೆ. ಎರಡೂ ಮಾತು ಪೂರ್ತಿ ನಿಲ್ಲುವುದಿಲ್ಲ. ಕೀಲಿಯಂಥ ಚಿಕ್ಕ, ಅಮೂಲ್ಯ ವಸ್ತುವಿಗೆ ಕಾಗದ ಇವತ್ತಿಗೂ ನಂಬಬಹುದಾದ ಆಸರೆ; ಆದರೆ ಬರಹ ತನ್ನ ತಪ್ಪನ್ನು ತಾನೇ ತೋರಿಸಿಕೊಡುವಂತಿದ್ದರೆ ಮಾತ್ರ. ಇದು ಏಕೆಂದು ತಿಳಿಯಲು ಹಾಸನದ ಆ ಸಂಪುಟವೇ ಒಳ್ಳೆಯ ಒರೆಗಲ್ಲು.

ಆ ಸಂಪುಟ ಉಳಿದದ್ದು ಕಾಗದದ ಗುಣದಿಂದಲ್ಲ, ಅದನ್ನು ಕಟ್ಟಿದ ಕ್ರಮದಿಂದ. ಶಾಸನದ ಪಾಠ ಅಲ್ಲಿ ಕನ್ನಡ ಲಿಪಿಯಲ್ಲಿದೆ, ಮತ್ತೆ ರೋಮನ್ ಲಿಪಿಯಲ್ಲಿದೆ, ಜೊತೆಗೆ ಇಂಗ್ಲಿಷ್ ಅನುವಾದವಿದೆ. ಕನ್ನಡ ಪಾಠದಲ್ಲಿ ಒಂದು ಅಕ್ಷರ ಜಾರಿದ್ದರೆ ರೋಮನ್ ಪಾಠ ಅದನ್ನು ಹಿಡಿದುಕೊಡುತ್ತದೆ. ಎರಡೂ ಕಡೆ ಸಂಶಯ ಬಂದರೆ ಸಂಪಾದಕ ಅದನ್ನು ಹೇಗೆ ಅರ್ಥ ಮಾಡಿಕೊಂಡಿದ್ದ ಎಂಬುದನ್ನು ಅನುವಾದ ಹೇಳುತ್ತದೆ. ಪ್ರತಿ ಶಾಸನಕ್ಕೂ ತಾಲ್ಲೂಕಿನ ಹೆಸರು ಮತ್ತು ಸಂಖ್ಯೆಯ ಗುರುತಿದೆ. ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿಯ ಶಾಸನವನ್ನು ಹುಡುಕುವವನು ಹಾಸನ ತಾಲ್ಲೂಕಿನ ಭಾಗಕ್ಕೆ ಹೋದರೆ ಸಾಕು. ಎಲ್ಲಕ್ಕಿಂತ ಮುಖ್ಯವಾಗಿ ಅಚ್ಚಾದ ಪ್ರತಿಗಳು ಹಲವು ಊರುಗಳ ಗ್ರಂಥಾಲಯಗಳಿಗೆ ಹರಡಿದವು. ಒಂದೆಡೆ ಗೆದ್ದಲು ತಿಂದರೂ ಇನ್ನೊಂದೆಡೆ ಪಾಠ ಉಳಿಯಿತು. ನಿಧಿಯ ಆಸೆಗೆ ಕಲ್ಲು ಒಡೆಯುವುದು, ಮನೆಯ ಮೆಟ್ಟಿಲಿಗೆ ಶಾಸನದ ಚಪ್ಪಡಿ ಹಾಕುವುದು ನಮ್ಮ ನಾಡಿನಲ್ಲಿ ಹೊಸದೇನಲ್ಲ. ಗೊರೂರಿನ ಹೇಮಾವತಿ ಜಲಾಶಯದಲ್ಲಿ ಹಳ್ಳಿಗಳೇ ಮುಳುಗಿವೆ. ಶೆಟ್ಟಿಹಳ್ಳಿಯ ಚರ್ಚು ಮಳೆಗಾಲದಲ್ಲಿ ಈಗಲೂ ನೀರಿನೊಳಗೆ ನಿಲ್ಲುತ್ತದೆ. ಕಲ್ಲನ್ನು ಶಾಶ್ವತವೆಂದು ನಂಬಿ ಕೆತ್ತಿಸಿದವರಿಗಿಂತ, ಅದು ಶಾಶ್ವತವಲ್ಲವೆಂದು ತಿಳಿದು ನಕಲು ಮಾಡಿದವರು ಹೆಚ್ಚು ಉಳಿಸಿದರು.

ಆದರೂ ಆ ನಕಲು ತಪ್ಪಿಲ್ಲದ್ದಾಗಿರಲಿಲ್ಲ, ಪೂರ್ಣವೂ ಆಗಿರಲಿಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಶಾಸನಗಳಿಗೆ ರೈಸ್ 1889ರಲ್ಲೇ ಬೇರೆ ಸಂಪುಟ ಮಾಡಿದ್ದರು. ಅದರಲ್ಲಿದ್ದದ್ದು 144 ಶಾಸನಗಳು. ಆರ್. ನರಸಿಂಹಾಚಾರ್ಯರು 1923ರಲ್ಲಿ ಪರಿಷ್ಕರಿಸಿದಾಗ ಸಂಖ್ಯೆ 500ಕ್ಕೆ ಏರಿತು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1973ರಲ್ಲಿ ತಂದ ಪರಿಷ್ಕೃತ ಸಂಪುಟದಲ್ಲಿ 573 ಇವೆ. ಪ್ರತಿ ಸಲವೂ ವಿದ್ವಾಂಸರು ಬೆಟ್ಟಕ್ಕೆ ಮರಳಿ ಹೋಗಿ ಪಾಠವನ್ನು ಬಂಡೆಯ ಜೊತೆ ಹೋಲಿಸಿ ನೋಡಿದರು. ಮೂಲ ಇನ್ನೂ ನಿಂತಿತ್ತು, ಆದ್ದರಿಂದ ತಿದ್ದುವುದಕ್ಕೆ ಬಂತು. ಮೂಲ ಸವೆದ ಕಡೆಯೂ ಭಾಷೆ ನೆರವಿಗೆ ಬಂತು. ‘ಥ’ಕಾರವೋ ‘ಧ’ಕಾರವೋ ಎಂದು ಕಲ್ಲು ಹೇಳದಿದ್ದರೆ ವ್ಯಾಕರಣ ಹೇಳುತ್ತದೆ, ಎರಡು ಅಕ್ಷರ ಉದುರಿದ್ದರೆ ಛಂದಸ್ಸು ಅವುಗಳ ಮಾತ್ರೆಯನ್ನು ತೋರಿಸುತ್ತದೆ, ದಾನ ಕೊಟ್ಟವನ ಹೆಸರು ಅಳಿಸಿದ್ದರೆ ಪಕ್ಕದ ಊರಿನ ಇನ್ನೊಂದು ಶಾಸನ ಅದನ್ನು ತುಂಬಿಕೊಡುತ್ತದೆ. ಅರ್ಥವುಳ್ಳ ಬರಹಕ್ಕೆ ಗಾಯ ಮಾಯಿಸಿಕೊಳ್ಳುವ ಶಕ್ತಿಯಿದೆ.

ಗೂಢಲಿಪಿಯ ಕೀಲಿಗೆ ಆ ಶಕ್ತಿ ಇಲ್ಲ. ಇಂದು ಬಳಕೆಯಲ್ಲಿರುವ 256 ಬಿಟ್‌ನ ಒಂದು ಕೀಲಿಯನ್ನು ಹದಿನಾರರ ಎಣಿಕೆಯಲ್ಲಿ ಬರೆದರೆ 64 ಅಕ್ಷರಗಳಾಗುತ್ತವೆ. ಅವು ಯಾವ ನುಡಿಯ ಮಾತೂ ಅಲ್ಲ, ಯಾವ ಕ್ರಮಕ್ಕೂ ಒಳಪಟ್ಟವಲ್ಲ. ಊಹೆಗೆ ಸಿಗಬಾರದೆಂದೇ ಅವುಗಳನ್ನು ಹಾಗೆ ಹುಟ್ಟಿಸಿರುತ್ತಾರೆ. ಆ ಗುಣವೇ ನಕಲಿನಲ್ಲಿ ಶತ್ರುವಾಗುತ್ತದೆ. ನಲವತ್ತನೆಯ ಜಾಗದಲ್ಲಿ ‘ಬಿ’ ಇದ್ದದ್ದು ಎಂಟರಂತೆ ಕಂಡರೆ ವ್ಯಾಕರಣ ಬಂದು ತಿದ್ದುವುದಿಲ್ಲ. 63 ಅಕ್ಷರ ಸರಿಯಿದ್ದು ಒಂದು ತಪ್ಪಿದ್ದರೂ ಬೀಗ ತೆರೆಯುವುದಿಲ್ಲ. ತಪ್ಪು ಎಲ್ಲಿದೆ ಎಂಬ ಸುಳಿವೂ ಸಿಗುವುದಿಲ್ಲ. ಮರಳಿ ಹೋಗಿ ನೋಡಲು ಶ್ರವಣಬೆಳಗೊಳದ ವಿಂಧ್ಯಗಿರಿಯ ಬಂಡೆಯಂಥ ಮೂಲವೂ ಇಲ್ಲ, ಏಕೆಂದರೆ ಮೂಲ ಹಾಳಾದಾಗಲೇ ಈ ಹಾಳೆಯ ನೆನಪಾಗುವುದು. ಕಾಗದದ ಬ್ಯಾಕಪ್ಪನ್ನು ಹೊಗಳುವವರು ಹೆಚ್ಚಾಗಿ ಕಾಗದದ ಆಯುಸ್ಸಿನ ಬಗ್ಗೆ ಮಾತಾಡುತ್ತಾರೆ, ನಕಲಿನ ತಪ್ಪಿನ ಬಗ್ಗೆ ಅಲ್ಲ. ನನ್ನ ಮುಖ್ಯ ಆಕ್ಷೇಪ ಇರುವುದು ಅಲ್ಲೇ. ಅರ್ಥವಿಲ್ಲದ ಬರಹಕ್ಕೆ ಅರ್ಥದ ಜಾಗದಲ್ಲಿ ಲೆಕ್ಕವನ್ನು ಕೂಡಿಸದೆ ಕೀಲಿಯನ್ನು ಕಾಗದಕ್ಕೆ ಇಳಿಸುವುದು ಅರ್ಧ ಕೆಲಸ.

ಈ ಅಳತೆಯಲ್ಲಿ ನೋಡಿದರೆ ಈಗಿರುವ ಸಾಧನಗಳ ಗುಣದೋಷ ಸ್ಪಷ್ಟವಾಗುತ್ತದೆ. ಡೇವಿಡ್ ಶಾ ಬರೆದ ‘ಪೇಪರ್‌ಕೀ’ ಎಂಬ ಪುಟ್ಟ ತಂತ್ರಾಂಶ ಓಪನ್‌ಪಿಜಿಪಿ ಎಂಬ ಗೂಢಲಿಪಿ ಪದ್ಧತಿಯ ಕೀಲಿಯೊಳಗಿಂದ ಗುಟ್ಟಿನ ಭಾಗವನ್ನಷ್ಟೇ ತೆಗೆದು ಸಾಲುಸಾಲಾಗಿ ಮುದ್ರಿಸುತ್ತದೆ. ಪ್ರತಿ ಸಾಲಿನ ಕೊನೆಗೆ ಒಂದು ತಪಾಸಣಾ ಸಂಖ್ಯೆ ಇರುತ್ತದೆ. ಬೆರಳಚ್ಚು ಮಾಡುವಾಗ ತಪ್ಪಿದರೆ ಯಾವ ಸಾಲಿನಲ್ಲಿ ತಪ್ಪಿತೆಂದು ಗೊತ್ತಾಗುತ್ತದೆ. ಹಾಳೆಯನ್ನು ಓದುವ ವಿಧಾನವನ್ನೂ ಹಾಳೆಯ ತಲೆಯಲ್ಲೇ ಬರೆದಿರುತ್ತದೆ, ತಂತ್ರಾಂಶವೇ ಕಾಣೆಯಾದರೂ ಇನ್ನೊಬ್ಬ ಬಲ್ಲವನು ಅದನ್ನು ಹೊಸದಾಗಿ ಕಟ್ಟಬಹುದು. ಬಿಟ್‌ಕಾಯಿನ್ ಬಳಕೆದಾರರು 2013ರಿಂದ ಅನುಸರಿಸುತ್ತಿರುವ ಪದಗಳ ಪದ್ಧತಿ ಇನ್ನೂ ಜಾಣತನದ್ದು: 2048 ಪದಗಳ ಪಟ್ಟಿಯಿಂದ ಆಯ್ದ 12 ಅಥವಾ 24 ಪದಗಳೇ ಕೀಲಿ. ಮೊದಲ ನಾಲ್ಕು ಅಕ್ಷರ ಓದಲು ಬಂದರೆ ಇಂಗ್ಲಿಷ್ ಪಟ್ಟಿಯ ಪದ ಯಾವುದೆಂದು ತಿಳಿಯುತ್ತದೆ. ಶಾಸನ ಓದುವವನಿಗೆ ಭಾಷೆ ಕೊಡುತ್ತಿದ್ದ ನೆರವಿನ ಒಂದು ಪಾಲು ಇಲ್ಲಿ ಮರಳಿ ಬಂದಿದೆ. ಆದರೆ 12 ಪದಗಳ ಕೀಲಿಯಲ್ಲಿ ತಪಾಸಣೆಗೆ ಸಿಗುವುದು ನಾಲ್ಕೇ ಬಿಟ್. ಬೇರೆ ಪದ ಹೊಕ್ಕ ತಪ್ಪುಗಳಲ್ಲಿ ಸುಮಾರು ಹದಿನಾರಕ್ಕೆ ಒಂದು ಕಣ್ಣುತಪ್ಪಿಸಿ ಹೋಗಬಹುದು. ಅಧಿಕೃತ ಪದಪಟ್ಟಿಗಳು ಇಂಗ್ಲಿಷ್, ಜಪಾನಿ, ಕೊರಿಯನ್, ಸ್ಪ್ಯಾನಿಷ್, ಚೀನಿ, ಫ್ರೆಂಚ್, ಇಟಾಲಿಯನ್, ಜೆಕ್, ಪೋರ್ಚುಗೀಸ್ ನುಡಿಗಳಲ್ಲಿವೆ. ಕನ್ನಡದ್ದಿಲ್ಲ, ಭಾರತದ ಯಾವ ನುಡಿಯದೂ ಇಲ್ಲ. ಅರಕಲಗೂಡಿನ ಒಂದು ಮನೆಯಲ್ಲಿ ಮಗಳು ಬರೆದಿಟ್ಟ ಪದಗಳನ್ನು ಮುಂದೊಂದು ದಿನ ತಾಯಿ ಓದಬೇಕಾಗಿ ಬಂದರೆ ಅದು ಸಣ್ಣ ಕೊರತೆಯಲ್ಲ. ಕನ್ನಡದ ತಂತ್ರಜ್ಞರು, ಪದ ಬಲ್ಲವರು ಕೂಡಿ ಮಾಡಬೇಕಾದ ಕೆಲಸ ಇದು.

ಕ್ಯೂಆರ್ ಕೋಡಿಗೆ ಹರಿದರೂ ಓದಿಸಿಕೊಳ್ಳುವ ಗುಣವಿದೆ. ಅದರ ಅತಿ ಗಟ್ಟಿಯಾದ ಮಟ್ಟದಲ್ಲಿ ಸುಮಾರು ನೂರಕ್ಕೆ ಮೂವತ್ತರಷ್ಟು ಹಾನಿಯನ್ನು ಅದು ತಾನೇ ಸರಿಪಡಿಸಿಕೊಳ್ಳುತ್ತದೆ. ಆದರೆ ಮನುಷ್ಯನ ಕಣ್ಣಿಗೆ ಅದು ಮೂಕ. ಕೋಡಿನ ಕೆಳಗೆ ಅದೇ ಕೀಲಿಯನ್ನು ಅಕ್ಷರದಲ್ಲೂ ಬರೆದಾಗ ಮಾತ್ರ ಅದು ರೈಸ್ ಸಂಪುಟದ ಎರಡು ಲಿಪಿಗಳ ಕ್ರಮಕ್ಕೆ ಸಮನಾಗುತ್ತದೆ. ಇನ್ನು ಓಲೆಹ್ ಯುಶ್ಚುಕ್ ಅವರ ‘ಪೇಪರ್‌ಬ್ಯಾಕ್’ ಹಾಳೆಯ ತುಂಬ ಸೂಕ್ಷ್ಮ ಚುಕ್ಕೆಗಳನ್ನು ಮುದ್ರಿಸಿ ಒಂದು ಎ4 ಪುಟದಲ್ಲಿ ಸುಮಾರು ಅರ್ಧ ಮೆಗಾಬೈಟ್ ಹಿಡಿಸುವ ಸಾಹಸ. ಅದರ ಕೌಶಲ ಮೆಚ್ಚತಕ್ಕದ್ದೇ. ಆದರೆ ಆ ಚುಕ್ಕೆಗಳನ್ನು ಓದಲು ಅದೇ ತಂತ್ರಾಂಶ, ಒಳ್ಳೆಯ ಸ್ಕ್ಯಾನರ್ ಎರಡೂ ಬೇಕು. ಕಾಗದವನ್ನು ಆರಿಸಿಕೊಂಡ ಕಾರಣವನ್ನೇ ಅದು ಕಳೆದುಕೊಳ್ಳುತ್ತದೆ.

ದೊಡ್ಡ ಮೊತ್ತದ ದತ್ತಾಂಶಕ್ಕೆ ಕಾಗದ ತಕ್ಕದ್ದಲ್ಲ ಎಂಬುದಕ್ಕೆ ಲೆಕ್ಕವೇ ಸಾಕ್ಷಿ. ಅತಿ ದೊಡ್ಡ ಕ್ಯೂಆರ್ ಕೋಡ್ ಹಿಡಿಯುವುದು 2,953 ಬೈಟ್. ಒಂದು ಗಿಗಾಬೈಟಿಗೆ ಮೂರು ಲಕ್ಷ ನಲವತ್ತು ಸಾವಿರದ ಸಮೀಪ ಕೋಡುಗಳು ಬೇಕು. ಭೂಮಿ ಯೋಜನೆಯಲ್ಲಿ ರಾಜ್ಯದ ಸುಮಾರು ಎರಡು ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು, ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ಅಷ್ಟನ್ನೂ ಕಾಗದಕ್ಕೆ ಮರಳಿಸಿ ಕಾಪಾಡುತ್ತೇವೆ ಎಂದು ಯಾರೂ ಹೇಳಲಾರರು. 1997ರಲ್ಲಿ ಅಮೆರಿಕದ ರಫ್ತು ನಿಯಮದ ಕಾರಣಕ್ಕೆ ಪಿಜಿಪಿ ಎಂಬ ಗೂಢಲಿಪಿ ತಂತ್ರಾಂಶದ ಮೂಲ ಬರಹವನ್ನು ಪುಸ್ತಕಗಳಾಗಿ ಮುದ್ರಿಸಿ ಯುರೋಪಿಗೆ ಸಾಗಿಸಿದರು. ಎಪ್ಪತ್ತಕ್ಕೂ ಹೆಚ್ಚು ಜನ ಸಾವಿರ ಗಂಟೆಗೂ ಮೀರಿ ದುಡಿದು ಅದನ್ನು ಸ್ಕ್ಯಾನ್ ಮಾಡಿ, ತಿದ್ದಿ ಮತ್ತೆ ಕಂಪ್ಯೂಟರಿಗೆ ತುಂಬಿದರು. ಅಲ್ಲೂ ಪ್ರತಿ ಸಾಲಿಗೆ ತಪಾಸಣಾ ಸಂಖ್ಯೆ ಇತ್ತು. ಕೆಲಸ ಆಯಿತು, ಆದರೆ ಅದು ಒಂದೇ ಒಂದು ತಂತ್ರಾಂಶಕ್ಕಾಗಿ ಪಟ್ಟ ಪಾಡು.

ಒಂದು ವಿನಾಯಿತಿಯನ್ನು ಮಾತ್ರ ಕೊಡಬೇಕು. ಕನ್ನಡದ ಬರಹವೇ ದತ್ತಾಂಶವಾಗಿದ್ದರೆ ಅದನ್ನು ಸರಳವಾಗಿ ಮುದ್ರಿಸಿಡುವುದು ವ್ಯರ್ಥವಲ್ಲ. ಯೂನಿಕೋಡ್ ಬಳಕೆಗೆ ಬರುವ ಮೊದಲು ‘ನುಡಿ’, ‘ಬರಹ’, ‘ಶ್ರೀಲಿಪಿ’ ತಂತ್ರಾಂಶಗಳಲ್ಲಿ ಬೆರಳಚ್ಚಾದ ಲೇಖನ, ಪ್ರಬಂಧ, ಪುಸ್ತಕಗಳ ಫೈಲುಗಳನ್ನು ಇಂದು ತೆರೆದರೆ ಫಾಂಟ್ ಇಲ್ಲದ ಕಡೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೋಜಲು ಕಾಣುತ್ತದೆ. ಪರಿವರ್ತಕ ತಂತ್ರಾಂಶ ಬೇಕಾಗುತ್ತದೆ. ಅವೇ ಫೈಲುಗಳಿಂದ ಆಗ ತೆಗೆದ ಮುದ್ರಿತ ಪ್ರತಿ ಇದ್ದರೆ ಈಗಲೂ ಓದಬಹುದು. ಇಲ್ಲಿ ಅರ್ಥವಿದೆ, ಅದಕ್ಕೇ ಕಾಗದ ಗೆಲ್ಲುತ್ತದೆ.

ಕಾಗದ ನಶ್ವರ ಎಂಬ ಆಕ್ಷೇಪಕ್ಕೆ ಬಲವಿದೆ. ಎಟಿಎಂ ಚೀಟಿಯಂಥ, ಶಾಖಕ್ಕೆ ಕಪ್ಪಾಗುವ ಕಾಗದ ಕೆಲವೇ ವರ್ಷಗಳಲ್ಲಿ ಬಿಳಿಚಿಕೊಳ್ಳುತ್ತದೆ. ಇಂಕ್‌ಜೆಟ್‌ನ ಬಣ್ಣ ಒಂದು ಸೋರುವ ಹೆಂಚಿಗೆ ಹರಿದುಹೋಗುತ್ತದೆ. ಆಮ್ಲವುಳ್ಳ ಅಗ್ಗದ ಹಾಳೆ ಹಳದಿಯಾಗಿ ಮುರಿಯುತ್ತದೆ. ಅರಕಲಗೂಡು ಸೀಮೆಯ ಮಳೆಗಾಲದ ತೇವ, ಕಾವೇರಿ ಉಕ್ಕಿದಾಗ ರಾಮನಾಥಪುರದ ಬೀದಿಗೆ ಬರುವ ನೀರು, ಗೆದ್ದಲು, ಬೆಳ್ಳಿಹುಳ ಇವೆಲ್ಲ ನಿಜ. ಮೈಸೂರಿನ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಶಾಸನ ಶಾಖೆಯಲ್ಲಿರುವ ಹಳೆಯ ಕಾಗದದ ಪಡಿಯಚ್ಚುಗಳಿಗೂ ವಯಸ್ಸಾಗಿದೆ. ಅವುಗಳನ್ನು ಈಗ ಡಿಜಿಟಲ್ ರೂಪಕ್ಕೆ ತರುವ ಕೆಲಸ ನಡೆದಿದೆ. ಆದರೆ ಈ ಆಕ್ಷೇಪ ಸಾಬೀತು ಮಾಡುವುದು ಕಾಗದ ಬೇಡ ಎಂದಲ್ಲ, ಒಂದೇ ಕಾಗದ ಸಾಲದು ಎಂದು. ಆಮ್ಲರಹಿತ ಹಾಳೆ, ಲೇಸರ್ ಮುದ್ರಣದ ಇಂಗಾಲದ ಪುಡಿ ಇಲ್ಲವೆ ಒಳ್ಳೆಯ ಪಿಗ್ಮೆಂಟ್ ಶಾಯಿ, ಎರಡು ಊರುಗಳಲ್ಲಿ ಎರಡು ಪ್ರತಿ: ಇಷ್ಟಕ್ಕೆ ಆಗುವ ಖರ್ಚು ಒಂದು ಪೆನ್‌ಡ್ರೈವಿನ ಬೆಲೆಯನ್ನೂ ಮುಟ್ಟುವುದಿಲ್ಲ.

ಕಳ್ಳತನದ ಆಕ್ಷೇಪ ಇದಕ್ಕಿಂತ ಗಂಭೀರವಾದದ್ದು, ಏಕೆಂದರೆ ಅದು ಮೇಲಿನ ಉತ್ತರಕ್ಕೇ ಅಡ್ಡ ಬರುತ್ತದೆ. ಶಾಸನದ ಪ್ರತಿ ಹೆಚ್ಚಿದಷ್ಟೂ ಕ್ಷೇಮ. ಕೀಲಿಯ ಪ್ರತಿ ಹೆಚ್ಚಿದಷ್ಟೂ ಅಪಾಯ. ಹಾಳೆಗೆ ಪಾಸ್‌ವರ್ಡ್ ಇಲ್ಲ, ನೋಡಿದವನೇ ಒಡೆಯ. ಈ ಗಂಟನ್ನು ಬಿಡಿಸಿದ್ದು ಆದಿ ಶಮೀರ್ 1979ರಲ್ಲಿ ಪ್ರಕಟಿಸಿದ ಗಣಿತ. ಗುಟ್ಟನ್ನು ಮೂರು ಪಾಲು ಮಾಡಿ, ಯಾವ ಎರಡು ಕೂಡಿದರೂ ಅದು ಮರಳಿ ಸಿಗುವಂತೆ, ಒಂದೇ ಪಾಲಿನಿಂದ ಏನೂ ತಿಳಿಯದಂತೆ ಮಾಡಬಹುದು. ಒಂದು ಪಾಲು ಹಾಸನದ ಮನೆಯಲ್ಲಿ, ಒಂದು ಹೊಳೆನರಸೀಪುರದ ಬ್ಯಾಂಕ್ ಲಾಕರಿನಲ್ಲಿ, ಇನ್ನೊಂದು ಚನ್ನರಾಯಪಟ್ಟಣದ ನಂಬಿಕಸ್ಥ ನೆಂಟರಲ್ಲಿ ಇದ್ದರೆ, ಒಂದು ಕಳೆದರೂ ಕೆಲಸ ನಿಲ್ಲುವುದಿಲ್ಲ, ಒಂದು ಕದ್ದರೂ ಬೀಗ ತೆರೆಯುವುದಿಲ್ಲ. ಇದು ಬೇಡದ ಜಟಿಲತೆ ಎನ್ನುವವರಿಗೆ ನನ್ನ ಉತ್ತರ: ಸಣ್ಣ ಖಾತೆಗೆ ಬೇಡ, ಒಂದು ಕುಟುಂಬದ ಉಳಿತಾಯಕ್ಕೋ ಒಂದು ಸಂಸ್ಥೆಯ ದಾಖಲೆಗೋ ಬೇಕೇ ಬೇಕು. ನಿಜವಾದ ಅಪಾಯ ಕಪಾಟಿನ ಕಳ್ಳನಿಗಿಂತ ಮೊಬೈಲಿನಿಂದ ಬರುತ್ತದೆ. ಬರೆದಿಟ್ಟ ಹಾಳೆಯ ಫೋಟೋ ತೆಗೆದ ಕ್ಷಣ ಅದು ಕ್ಲೌಡಿಗೆ ಹೋಗಿರಬಹುದು. ಅಂಗಡಿಯ ಜೆರಾಕ್ಸ್ ಯಂತ್ರಕ್ಕೂ ನೆನಪಿನ ಡಿಸ್ಕ್ ಇರಬಹುದು. ಹನ್ನೆರಡು ಪದಗಳಿಗೆ ಕೈಬರಹವೇ ಉತ್ತಮ.

ಕ್ಲೌಡ್ ಇರುವಾಗ ಇದೆಲ್ಲ ಏಕೆ ಎಂಬ ಪ್ರಶ್ನೆ ಉಳಿಯುತ್ತದೆ. ಕ್ಲೌಡ್ ದತ್ತಾಂಶವನ್ನು ಚೆನ್ನಾಗಿ ಕಾಯುತ್ತದೆ, ದೊಡ್ಡ ಮೊತ್ತಕ್ಕೆ ಅದೇ ಸರಿ. ಆದರೆ ಅದರ ಬಾಗಿಲಿಗೂ ಒಂದು ಕೀಲಿ ಇದೆ. ಆ ಕೀಲಿ ಒಂದು ಫೋನಿಗೆ, ಆ ಫೋನಿನ ಸಿಮ್‌ಗೆ, ಅದಕ್ಕೆ ಬರುವ ಒಟಿಪಿಗೆ ಕಟ್ಟಿಹಾಕಿಕೊಂಡಿದೆ. ಫೋನು ಕಳೆದರೆ, ಅದರ ಒಡೆಯ ತೀರಿಕೊಂಡರೆ, ಸರಪಳಿಯ ಒಂದು ಕೊಂಡಿ ಹೋದದ್ದಕ್ಕೆ ಎಲ್ಲವೂ ಮುಚ್ಚಿಕೊಳ್ಳುತ್ತದೆ. ಆಗ ವಾರಸುದಾರರ ಕೈಯಲ್ಲಿ ಉಳಿಯಬೇಕಾದದ್ದು ಈ ಒಂದು ಹಾಳೆ. ಅದರ ಮೇಲೆ ಕೀಲಿಯ ಜೊತೆಗೆ ಇದು ಯಾವುದರ ಕೀಲಿ, ಯಾವ ತಂತ್ರಾಂಶದಲ್ಲಿ ಬಳಸಬೇಕು, ಉಳಿದ ಪಾಲು ಯಾರಲ್ಲಿದೆ ಎಂಬುದನ್ನು ಮನೆಯವರಿಗೆ ತಿಳಿಯುವ ಕನ್ನಡದಲ್ಲಿ ಬರೆದಿರಬೇಕು. ಕೀಲಿಯನ್ನು ಕಾಗದಕ್ಕೆ ಇಳಿಸಿದವರು ಅದನ್ನು ಕಪಾಟಿಗೆ ಸೇರಿಸುವ ಮೊದಲು, ಆ ಹಾಳೆಯೊಂದನ್ನೇ, ಪಾಲು ಮಾಡಿದ್ದರೆ ಬೇಕಾದಷ್ಟು ಪಾಲುಗಳನ್ನೇ, ಮುಂದಿಟ್ಟುಕೊಂಡು ಬೇರೊಂದು ಕಂಪ್ಯೂಟರಿನಲ್ಲಿ ಬೀಗ ತೆರೆದು ನೋಡಲಿ. ಮನೆಯ ಇನ್ನೊಬ್ಬರ ಕೈಯಲ್ಲೂ ಅದನ್ನು ಒಮ್ಮೆ ತೆರೆಸಿ ನೋಡಲಿ.