ಕರ್ಣಾಟಕ ಕಲ್ಯಾಣಕಾರಕದ ಔಷಧವಿಚಾರ

ಜಗದ್ದಳ ಸೋಮನಾಥನು ಸುಮಾರು ೧೧೫೦ರಲ್ಲಿ ಪೂಜ್ಯಪಾದರ ವೈದ್ಯಗ್ರಂಥವನ್ನನುಸರಿಸಿ ರಚಿಸಿದ ಕರ್ಣಾಟಕ ಕಲ್ಯಾಣಕಾರಕವನ್ನು ಸಾಹಿತ್ಯಚರಿತ್ರಕಾರರು ನಾಲ್ಕು ಪಂಕ್ತಿಗಳಲ್ಲಿ ಮುಗಿಸುವುದುಂಟು. ಶಾಸ್ತ್ರಗ್ರಂಥದಲ್ಲಿ ಕಾವ್ಯಗುಣವನ್ನು ಅರಸಿ ನಿರಾಶರಾಗುವುದು ನ್ಯಾಯವಲ್ಲ. ಮದ್ಯ, ಮಾಂಸ, ಮಧು ಈ ಮೂರನ್ನೂ ವರ್ಜಿಸಿದ ಚಿಕಿತ್ಸಾಕ್ರಮವೇ ಇದರ ವೈಶಿಷ್ಟ್ಯವು. ಇದನ್ನು ಕೇವಲ ಮತಾಚಾರವೆಂದು ಬಗೆದರೆ ತಿರುಳು ತಪ್ಪಿಹೋಗುವುದು. ಆಯುರ್ವೇದದಲ್ಲಿ ಜೇನು ಬರಿಯ ಸವಿಯಲ್ಲ. ಮದ್ದಿನ ಗುಣವನ್ನು ಮೈಯೊಳಕ್ಕೆ ಒಯ್ಯುವ ಯೋಗವಾಹಿ, ಮುಖ್ಯವಾದ ಅನುಪಾನ. ಆಸವಾರಿಷ್ಟಗಳಲ್ಲಿ ಹುದುಗಿನಿಂದ ಹುಟ್ಟಿದ ಮದ್ಯಾಂಶವೇ ಮೂಲಿಕೆಯ ಸಾರವನ್ನು ಸೆಳೆದು, ಕೆಡದಂತೆ ಕಾಯುವುದು. ಇವೆರಡನ್ನೂ ತೊರೆದ ವೈದ್ಯನು ಮದ್ದನ್ನೇ ಹೊಸದಾಗಿ ಯೋಜಿಸಬೇಕು. ಆದುದರಿಂದ ಸೋಮನಾಥನ ಯೋಗಗಳನ್ನು ಚರಕ ವಾಗ್ಭಟರ ಯೋಗಗಳೊಡನೆ ಒಂದೊಂದಾಗಿ ಹೋಲಿಸಿ, ಜೇನಿದ್ದ ಎಡೆಯಲ್ಲಿ ಏನು ಬಂದಿದೆಯೆಂದು ನೋಡಬೇಕು. ಅವನು ಬರಿಯ ಅನುವಾದಕನೋ ಸ್ವತಂತ್ರ ವೈದ್ಯನೋ ಎಂಬುದು ಅಲ್ಲಿಯೇ ನಿರ್ಣಯವಾಗತಕ್ಕದ್ದು.

ಪ್ರಶ್ನೆಯು ಹಳತಾಗಿಲ್ಲ. ಜೈನರು ಬಹುಕಾಲದಿಂದ ನೆಲೆಸಿರುವ ಕಾಗವಾಡ ಸೀಮೆಯಲ್ಲಿ, ಕೃಷ್ಣಾತೀರದ ಉಗಾರ ಖುರ್ದದಂತಹ ಊರಿನ ಔಷಧದಂಗಡಿಯಲ್ಲಿಯೂ, ಪ್ರಾಣಿಗಳ ತೊಗಲು ಮೂಳೆಗಳಿಂದ ತೆಗೆದ ಜೆಲಟಿನ್ನಿನ ಕ್ಯಾಪ್ಸೂಲು ವ್ರತಸ್ಥನಾದ ರೋಗಿಯ ಮುಂದೆ ಇದೇ ಪ್ರಶ್ನೆಯನ್ನಿಡುತ್ತದೆ. ಸಂಕೋಚದಿಂದ ಅವನು ಮದ್ದನ್ನೇ ಬಿಟ್ಟರೆ ವ್ರತದೊಡನೆ ರೋಗವೂ ಉಳಿಯುವುದು. ರೋಗಿಯ ಆಚಾರವನ್ನು ಕೇಳಿ ತಿಳಿದು ಮದ್ದನ್ನು ಹೊಂದಿಸುವುದು ಚಿಕಿತ್ಸೆಯ ಅಂಗವೇ ಎಂಬ ಈ ಪ್ರಾಚೀನ ವಿಚಾರವು ಪಾಠಪಟ್ಟಿಗಳಲ್ಲಿ ಹೆಚ್ಚಿನ ಸ್ಥಾನಕ್ಕೆ ಅರ್ಹವಾಗಿದೆ.